ಲೈಬ್ರರಿಯ ಗೋಡೆಗೆ ಅಂಟಿಸಿದ ಆ ಹಾಳೆ

ಎಲ್ಲರಿಗೂ ನಮಸ್ಕಾರ. ಬಡಾವಣೆಯ ಲೈಬ್ರರಿ ಸುತ್ತಲಿನ ಜನಕ್ಕೆ ಏನು ಮಾಡಿಕೊಡುತ್ತದೆ ಅನ್ನುವುದು ಇವತ್ತಿನ ವಿಷಯ. ಇಂಥ ವಿಷಯ ಸಿಕ್ಕಾಗ ಪುಸ್ತಕದ ಮಹಿಮೆಯಿಂದ ಶುರು ಮಾಡುವುದು ರೂಢಿ. ಪುಸ್ತಕ ಗೆಳೆಯ, ಪುಸ್ತಕ ಗುರು, ಪುಸ್ತಕ ದೀಪ. ಅದನ್ನೆಲ್ಲ ನೀವು ಶಾಲೆಯಲ್ಲೇ ಪ್ರಬಂಧ ಬರೆದು ಮುಗಿಸಿದ್ದೀರಿ, ಬಿಡಿ.

ನಾನು ಮಾತಾಡುವುದು ನಿಯಮಗಳ ಬಗ್ಗೆ. ಲೈಬ್ರರಿ ಒಳಗೆ ಕಾಲಿಟ್ಟ ಕೂಡಲೇ ಗೋಡೆ ಮೇಲೆ ಒಂದು ಹಾಳೆ ಅಂಟಿಸಿರುತ್ತಾರಲ್ಲ? ತೆರೆಯುವ ಸಮಯ, ಸದಸ್ಯರಾಗಲು ಏನು ಬೇಕು, ಎಷ್ಟು ಪುಸ್ತಕ, ಎಷ್ಟು ದಿನ, ತಡವಾದರೆ ಎಷ್ಟು ದಂಡ. ಅದನ್ನು ಯಾರೂ ಪೂರ್ತಿ ಓದುವುದಿಲ್ಲ. ಆದರೆ ಆ ಲೈಬ್ರರಿ ಯಾರ ಉಪಯೋಗಕ್ಕೆ ಬರುತ್ತದೆ, ಯಾರನ್ನು ಹೊರಗೇ ನಿಲ್ಲಿಸುತ್ತದೆ ಅನ್ನುವುದು ಕಪಾಟು ನೋಡುವ ಮೊದಲೇ ಆ ಹಾಳೆಯಲ್ಲಿ ತೀರ್ಮಾನವಾಗಿರುತ್ತದೆ.

ಮೊದಲು ಒಂದು ತಮಾಷೆಯ ನಿಯಮ ಹೇಳುತ್ತೇನೆ. ಬ್ರಿಟನ್ನಿನಲ್ಲಿ 1850ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಪೌಂಡಿಗೆ ಅರ್ಧ ಪೆನ್ನಿಯಂತೆ ತೆರಿಗೆ ಎತ್ತಿ ಊರಿನವರು ಲೈಬ್ರರಿ ಮಾಡಿಕೊಳ್ಳಬಹುದು ಅಂತ ಅದು ಹೇಳಿತು. ಆ ದುಡ್ಡಲ್ಲಿ ಕಟ್ಟಡ ಕಟ್ಟಬಹುದಿತ್ತು, ಸಂಬಳ ಕೊಡಬಹುದಿತ್ತು. ಪುಸ್ತಕ ಮಾತ್ರ ಕೊಳ್ಳುವ ಹಾಗಿರಲಿಲ್ಲ! ಪುಸ್ತಕವನ್ನು ಯಾರಾದರೂ ಪುಣ್ಯಾತ್ಮರು ದಾನ ಕೊಡುತ್ತಾರೆ ಅಂತ ಕಾನೂನು ಮಾಡಿದವರ ಲೆಕ್ಕಾಚಾರ. 1855ರಲ್ಲಿ ಕಾಯ್ದೆ ತಿದ್ದಿ, ತೆರಿಗೆಯನ್ನು ಒಂದು ಪೆನ್ನಿಗೆ ಏರಿಸಿ, ಪುಸ್ತಕ ಮತ್ತು ಪತ್ರಿಕೆ ಕೊಳ್ಳಲು ಒಪ್ಪಿಗೆ ಕೊಟ್ಟರು. ನಗು ಬರುತ್ತದೆ ನಿಜ. ಆದರೆ ಇವತ್ತಿಗೂ ಕಟ್ಟಡದ ಉದ್ಘಾಟನೆಗೆ ದುಡ್ಡಿದ್ದು ಹೊಸ ಪುಸ್ತಕಕ್ಕೆ ದುಡ್ಡಿಲ್ಲದ ಲೈಬ್ರರಿಗಳು ಎಲ್ಲೆಲ್ಲೂ ಇವೆ. 1850ರ ಬುದ್ಧಿ ಪೂರ್ತಿ ಹೋಗಿಲ್ಲ.

ನಮ್ಮ ಕಡೆಯ ಲೈಬ್ರರಿ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಎಸ್. ಆರ್. ರಂಗನಾಥನ್. ಅವರು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳನ್ನು ಲೈಬ್ರರಿ ಕೋರ್ಸ್ ಮಾಡಿದ ಪ್ರತಿಯೊಬ್ಬರೂ ಬಾಯಿಪಾಠ ಮಾಡಿರುತ್ತಾರೆ. ಪುಸ್ತಕ ಇರುವುದು ಬಳಸುವುದಕ್ಕೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸಿ, ಲೈಬ್ರರಿ ಬೆಳೆಯುವ ಜೀವಿ. ಕೇಳುವುದಕ್ಕೆ ಬಹಳ ಸರಳ. ಆದರೆ ಮೊದಲ ಸೂತ್ರವನ್ನು ವಿವರಿಸುವಾಗ ಅವರು ಏನನ್ನು ಚರ್ಚೆಗೆ ಎತ್ತಿಕೊಳ್ಳುತ್ತಾರೆ ಗೊತ್ತಾ? ಲೈಬ್ರರಿ ಊರಿನ ಯಾವ ಜಾಗದಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕುರ್ಚಿ ಮೇಜು ಕಪಾಟು ಹೇಗಿರಬೇಕು, ಸಿಬ್ಬಂದಿ ಎಂಥವರಿರಬೇಕು. ಮೇಧಾವಿ ಅನ್ನಿಸಿಕೊಂಡವರು ಕಪಾಟಿನ ಎತ್ತರದ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ. ಮೇಲಿನ ಸಾಲು ಕೈಗೆ ಎಟುಕದಿದ್ದರೆ ಅಲ್ಲಿಟ್ಟ ಪುಸ್ತಕ ಇದ್ದೂ ಇಲ್ಲದ ಹಾಗೆ, ಅಲ್ವಾ?

ಸಮಯದ ವಿಷಯವನ್ನೇ ನೋಡಿ. ಜನ ಕೆಲಸಕ್ಕೆ ಹೊರಟ ಮೇಲೆ ಬಾಗಿಲು ತೆರೆದು, ಅವರು ಮನೆಗೆ ಬರುವ ಮೊದಲು ಬಾಗಿಲು ಹಾಕುವ ಲೈಬ್ರರಿಯಲ್ಲಿ ಎಷ್ಟೇ ಒಳ್ಳೆಯ ಪುಸ್ತಕ ಇದ್ದರೂ ದುಡಿಯುವವರಿಗೆ ಏನು ಬಂತು? ಅದು ನಿವೃತ್ತರ ಮತ್ತು ಬಿಡುವಿದ್ದವರ ಲೈಬ್ರರಿ ಆಗಿಬಿಡುತ್ತದೆ. ಆಮೇಲೆ ಯಾರೋ ವರದಿ ಬರೆಯುತ್ತಾರೆ, ಯುವಜನರಿಗೆ ಓದಿನಲ್ಲಿ ಆಸಕ್ತಿ ಇಲ್ಲ ಅಂತ. ಡೆನ್ಮಾರ್ಕಿನಲ್ಲಿ 2004ರಿಂದ ಒಂದು ಉಪಾಯ ಮಾಡಿದ್ದಾರೆ. ಸಿಬ್ಬಂದಿ ಮನೆಗೆ ಹೋದ ಮೇಲೂ ಸದಸ್ಯರು ತಮ್ಮ ಕಾರ್ಡ್ ತೋರಿಸಿ ಒಳಗೆ ಹೋಗಬಹುದು, ಪುಸ್ತಕವನ್ನು ತಾವೇ ಯಂತ್ರದಲ್ಲಿ ದಾಖಲು ಮಾಡಿ ಒಯ್ಯಬಹುದು. ಆಮೇಲೆ ಸುತ್ತಲಿನ ದೇಶಗಳೂ ಇದನ್ನು ಹಿಡಿದವು. ಹೊತ್ತು ಗೊತ್ತಿಲ್ಲದ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ. ನನಗೆ ಪೂರ್ತಿ ಸಮಾಧಾನವಿಲ್ಲ. ಕೌಂಟರಿನಲ್ಲಿ ಮನುಷ್ಯರಿಲ್ಲದಿದ್ದರೆ ಅದು ಅರ್ಧ ಲೈಬ್ರರಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಆದರೆ ಬೀಗ ಹಾಕಿದ ಪೂರ್ತಿ ಲೈಬ್ರರಿಗಿಂತ ತೆರೆದ ಅರ್ಧ ಲೈಬ್ರರಿ ವಾಸಿ.

ಇನ್ನು ಸದಸ್ಯತ್ವ. ವಿಳಾಸದ ದಾಖಲೆ ತನ್ನಿ, ಪರಿಚಯದವರೊಬ್ಬರ ಸಹಿ ತನ್ನಿ, ಠೇವಣಿ ಕಟ್ಟಿ. ಸ್ವಂತ ಮನೆ ಇರುವವನಿಗೆ ಇದೆಲ್ಲ ಐದು ನಿಮಿಷದ ಕೆಲಸ. ಊರಿಗೆ ಹೊಸದಾಗಿ ದುಡಿಯಲು ಬಂದವನಿಗೆ? ಅವನಿಗೆ ವಿಳಾಸವೇ ತಿಂಗಳಿಗೊಮ್ಮೆ ಬದಲಾಗುತ್ತದೆ. ಅವನಿಗಾಗಿ ಸಹಿ ಹಾಕುವವರು ಯಾರು? ಪುಸ್ತಕ ಕಳೆದುಹೋಗಬಾರದು ಅಂತ ಮಾಡಿದ ನಿಯಮ ಅದು, ಯಾರ ಮೇಲೂ ದ್ವೇಷದಿಂದ ಮಾಡಿದ್ದಲ್ಲ. ಆದರೂ ಲೈಬ್ರರಿ ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕೋ ಅವನೇ ಹೊರಗೆ ಉಳಿಯುತ್ತಾನೆ.

ಆಂಡ್ರೂ ಕಾರ್ನೆಗಿ ಹೆಸರು ನೀವು ಕೇಳಿರುತ್ತೀರಿ. ಉಕ್ಕಿನ ವ್ಯಾಪಾರದಲ್ಲಿ ಅಪಾರ ದುಡ್ಡು ಮಾಡಿದವರು. ಹುಡುಗನಾಗಿದ್ದಾಗ ಅವರು ಅಮೆರಿಕದ ಅಲೆಗೆನಿ ಅನ್ನುವ ಊರಿನಲ್ಲಿದ್ದುಕೊಂಡು ತಂತಿ ಸಂದೇಶ ಹೊತ್ತು ಓಡಾಡುವ ಕೆಲಸ ಮಾಡುತ್ತಿದ್ದರು. ಅಲ್ಲಿ ಕರ್ನಲ್ ಆಂಡರ್ಸನ್ ಅನ್ನುವವರು ತಮ್ಮ ಸ್ವಂತ ಪುಸ್ತಕಗಳನ್ನು ದುಡಿಯುವ ಹುಡುಗರಿಗೆ ಓದಲು ಕೊಡುತ್ತಿದ್ದರು. ಮುಂದೆ ಅದು ಲೈಬ್ರರಿ ಆದಾಗ ಒಂದು ನಿಯಮ ಬಂತು. ಕೈಕಸುಬು ಕಲಿಯುವ ಹುಡುಗರಿಗೆ ಮಾತ್ರ ಉಚಿತ, ಉಳಿದವರು ವರ್ಷಕ್ಕೆ ಎರಡು ಡಾಲರ್ ಕೊಡಬೇಕು. ತಂತಿ ಹುಡುಗರು ಉಳಿದವರ ಪಟ್ಟಿಗೆ ಸೇರಿದರು. ಕಾರ್ನೆಗಿ ಸುಮ್ಮನಿರಲಿಲ್ಲ. ಪತ್ರಿಕೆಗೆ ಒಂದು ಪತ್ರ ಬರೆದರು, ನಾವೂ ದುಡಿಯುವ ಹುಡುಗರೇ ಅಲ್ಲವೇ ಅಂತ. ನಿಯಮ ಬದಲಾಯಿತು. ಮುಂದೆ ಅದೇ ಮನುಷ್ಯನ ದುಡ್ಡಿನಿಂದ 1883ರಿಂದ 1929ರವರೆಗೆ ಜಗತ್ತಿನ ಬೇರೆ ಬೇರೆ ಕಡೆ 2,509 ಲೈಬ್ರರಿಗಳು ಎದ್ದವು. ಅವರ ಉಕ್ಕಿನ ಕಾರ್ಖಾನೆಯ ಕೆಲಸಗಾರರಿಗೆ ಓದಲು ಬಿಡುವೆಲ್ಲಿತ್ತು ಅನ್ನುವುದು ಬೇರೆಯೇ ಪ್ರಶ್ನೆ. ಅದನ್ನು ಆ ಕಾಲದ ಕೆಲಸಗಾರರೇ ಕೇಳಿದ್ದಾರೆ.

ಎಲ್ಲ ನಿಯಮಗಳೂ ಪತ್ರ ಬರೆದ ಮಾತ್ರಕ್ಕೆ ಬದಲಾಗುವುದಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಅಲೆಕ್ಸಾಂಡ್ರಿಯ ಅನ್ನುವ ಪಟ್ಟಣವಿದೆ. ಅಲ್ಲಿನ ಸಾರ್ವಜನಿಕ ಲೈಬ್ರರಿಗೆ ಕಪ್ಪು ಜನರೂ ತೆರಿಗೆ ಕಟ್ಟುತ್ತಿದ್ದರು, ಸದಸ್ಯತ್ವ ಮಾತ್ರ ಬಿಳಿಯರಿಗೆ. 1939ರ ಆಗಸ್ಟ್ 21ರಂದು ಐದು ಜನ ಕಪ್ಪು ಯುವಕರು ಒಬ್ಬೊಬ್ಬರಾಗಿ ಒಳಗೆ ಹೋಗಿ ಕಾರ್ಡ್ ಕೇಳಿದರು. ಇಲ್ಲ ಅಂದಾಗ ಜಗಳವಾಡಲಿಲ್ಲ. ಕಪಾಟಿನಿಂದ ಒಂದೊಂದು ಪುಸ್ತಕ ತೆಗೆದುಕೊಂಡು ಬೇರೆ ಬೇರೆ ಮೇಜಿಗೆ ಹೋಗಿ ಓದುತ್ತಾ ಕೂತರು. ಪೊಲೀಸರು ಬಂದು ಹಿಡಿದುಕೊಂಡು ಹೋದರು. ಇದನ್ನು ಯೋಜಿಸಿದವರು ಸ್ಯಾಮ್ಯುಯೆಲ್ ಟಕರ್ ಅನ್ನುವ ವಕೀಲರು, ಅದೇ ಊರಿನವರು. ಊರಿನ ಆಡಳಿತ ಏನು ಮಾಡಿತು? ಮರುವರ್ಷ ಕಪ್ಪು ಜನರಿಗೇ ಅಂತ ಬೇರೆ ಒಂದು ಸಣ್ಣ ಲೈಬ್ರರಿ ತೆರೆಯಿತು. ಟಕರ್ ಅಲ್ಲಿನ ಕಾರ್ಡ್ ನನಗೆ ಬೇಡ ಅಂದರು. ಸರಿಯಾಗಿಯೇ ಅಂದರು. ಎಲ್ಲರದ್ದೂ ಅಂತ ಹೇಳಿಕೊಳ್ಳುವ ಜಾಗದಲ್ಲಿ ಪಾಲು ಕೇಳಿದವನಿಗೆ ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಕೊಟ್ಟರೆ ಅದು ಸೇವೆ ಆಗುವುದಿಲ್ಲ.

ಬೀಗ ಹಾಕಿದ ಕಪಾಟಿನ ಬಗ್ಗೆ ಎರಡು ಮಾತು. ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನ ಲೈಬ್ರರಿಗಳಲ್ಲಿ ಓದುಗರು ಕಪಾಟಿನ ಹತ್ತಿರ ಹೋಗುವ ಹಾಗೇ ಇರಲಿಲ್ಲ. ಕೌಂಟರಿನ ಪಕ್ಕ ಒಂದು ದೊಡ್ಡ ಹಲಗೆ, ಅದರ ತುಂಬಾ ಪುಸ್ತಕದ ನಂಬರುಗಳು. ಒಂದು ಬಣ್ಣ ಕಂಡರೆ ಪುಸ್ತಕ ಒಳಗಿದೆ, ಇನ್ನೊಂದು ಬಣ್ಣ ಕಂಡರೆ ಯಾರೋ ಒಯ್ದಿದ್ದಾರೆ. ನಂಬರ್ ಹೇಳಿದರೆ ಒಳಗಿಂದ ತಂದುಕೊಡುತ್ತಿದ್ದರು. 1894ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಲೈಬ್ರರಿಯಲ್ಲಿ ಗ್ರಂಥಪಾಲಕ ಜೇಮ್ಸ್ ಡಫ್ ಬ್ರೌನ್ ಓದುಗರನ್ನು ಕಪಾಟಿನ ನಡುವೆ ಬಿಟ್ಟರು. ಅವರ ವೃತ್ತಿಯವರೇ ಕೂಗಾಡಿದರು, ಕಳ್ಳತನ ಆಗುತ್ತದೆ, ಪುಸ್ತಕ ಅಸ್ತವ್ಯಸ್ತ ಆಗುತ್ತದೆ ಅಂತ. ಸ್ವಲ್ಪ ಆಗುತ್ತದೆ ಕೂಡ. ಆದರೆ ಒಂದು ಪುಸ್ತಕ ಹುಡುಕುತ್ತಾ ಹೋಗಿ ಪಕ್ಕದಲ್ಲಿದ್ದ ಇನ್ನೊಂದನ್ನು ಹಿಡಿದುಕೊಂಡು ಬರುವ ಸುಖ ನಂಬರ್ ಹಲಗೆಯಲ್ಲಿ ಎಲ್ಲಿ ಸಿಗಬೇಕು? ಈಗಲೂ ಎಷ್ಟೋ ಕಡೆ ಒಳ್ಳೆಯ ಪುಸ್ತಕ ಗಾಜಿನ ಬೀರುವಿನಲ್ಲಿ, ಬೀಗದ ಕೈ ಇನ್ಯಾರದೋ ಜೇಬಿನಲ್ಲಿ.

ದಂಡದ ವಿಷಯಕ್ಕೆ ಬರೋಣ. ತಡವಾಗಿ ತಂದವರಿಗೆ ದಂಡ ಹಾಕದಿದ್ದರೆ ಪುಸ್ತಕ ವಾಪಸ್ ಬರುವುದೇ ಇಲ್ಲ ಅಂತ ಬಹಳ ಜನರ ನಂಬಿಕೆ. ಸ್ವಲ್ಪ ಯೋಚಿಸಿ. ದುಡ್ಡಿದ್ದವರಿಗೆ ದಂಡ ಒಂದು ಬಾಡಿಗೆ ಇದ್ದ ಹಾಗೆ, ಕೊಟ್ಟು ಇನ್ನೊಂದು ವಾರ ಇಟ್ಟುಕೊಳ್ಳುತ್ತಾರೆ. ಇಲ್ಲದವರಿಗೆ ಅದು ಸಾಲ. ಮಗು ತಂದ ಪುಸ್ತಕ ತಡವಾದರೆ ತಪ್ಪು ಮಗುವಿನದ್ದಲ್ಲ, ಕರೆದುಕೊಂಡು ಬರಬೇಕಾದ ದೊಡ್ಡವರಿಗೆ ಬಿಡುವಾಗಿರುವುದಿಲ್ಲ. ದಂಡ ಬೆಳೆಯುತ್ತದೆ, ನಾಚಿಕೆ ಆಗುತ್ತದೆ, ಬರುವುದೇ ನಿಲ್ಲುತ್ತದೆ. ಲೈಬ್ರರಿಗೆ ಪುಸ್ತಕವೂ ಹೋಯಿತು, ಓದುಗನೂ ಹೋದ. ಐರ್ಲೆಂಡ್ 2019ರ ಜನವರಿಯಲ್ಲಿ ದೇಶದ ಎಲ್ಲ ಸಾರ್ವಜನಿಕ ಲೈಬ್ರರಿಗಳಲ್ಲಿ ತಡದ ದಂಡ ತೆಗೆದುಹಾಕಿತು. ಅದೇ ವರ್ಷ ಅಕ್ಟೋಬರಿನಲ್ಲಿ ಷಿಕಾಗೊ ನಗರವೂ ತೆಗೆಯಿತು, ಹಳೆಯ ಬಾಕಿಯನ್ನೂ ಮನ್ನಾ ಮಾಡಿತು. ಆಗ ಎಷ್ಟೋ ಕಾಲದಿಂದ ಮನೆಯಲ್ಲೇ ಉಳಿದಿದ್ದ ಪುಸ್ತಕಗಳು ರಾಶಿ ರಾಶಿಯಾಗಿ ವಾಪಸ್ ಬಂದವು. ಪುಸ್ತಕ ಕಳೆದರೆ ಬೆಲೆ ಕೊಡಬೇಕು ಅನ್ನುವುದು ಹಾಗೇ ಇದೆ, ಅದು ನ್ಯಾಯವೂ ಹೌದು. ತಡಕ್ಕೂ ಕಳೆದದ್ದಕ್ಕೂ ವ್ಯತ್ಯಾಸವಿದೆಯಲ್ಲ.

ಈಗ ಕೌಂಟರಿನ ಮನುಷ್ಯರ ಬಗ್ಗೆ. ಆಗ ಹೇಳುತ್ತೇನೆ ಅಂದಿದ್ದೆನಲ್ಲ, ಅದು. ಲೈಬ್ರರಿಗೆ ಬರುವವರು ಕೇಳುವ ಪ್ರಶ್ನೆ ಒಂದು, ಅವರಿಗೆ ಬೇಕಾದದ್ದು ಇನ್ನೊಂದು. ಇದು ಈ ವೃತ್ತಿಯ ಮೊದಲ ಪಾಠ. ಒಬ್ಬ ಹೆಂಗಸು ಬಂದು "ಕಾನೂನು ಪುಸ್ತಕ ಎಲ್ಲಿದೆ?" ಅಂತ ಕೇಳುತ್ತಾರೆ ಅಂದುಕೊಳ್ಳಿ. ಆ ಮೂಲೆಯಲ್ಲಿ ಅಂತ ಕೈ ತೋರಿಸುವುದು ಒಂದು ಬಗೆ. ಅಲ್ಲಿ ಹೋದರೆ ದಪ್ಪ ದಪ್ಪ ಸಂಪುಟ ನೋಡಿ ಹೆದರಿ ವಾಪಸ್ ಹೋಗುತ್ತಾರೆ. ಅನುಭವ ಇರುವ ಗ್ರಂಥಪಾಲಕರು ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ, "ಯಾವ ವಿಷಯಕ್ಕೆ ಬೇಕಿತ್ತು ಅಮ್ಮ, ಹೇಳಿದರೆ ಸರಿಯಾದದ್ದು ಹುಡುಕಿಕೊಡುತ್ತೇನೆ" ಅಂತ. ಆಗ ಗೊತ್ತಾಗುತ್ತದೆ, ಮನೆ ಮಾಲೀಕರು ಮುಂಗಡದ ಹಣ ವಾಪಸ್ ಕೊಡುತ್ತಿಲ್ಲ. ಅವರಿಗೆ ಬೇಕಾದದ್ದು ಬಾಡಿಗೆ ಕಾನೂನಿನ ಒಂದು ಸಣ್ಣ ಕೈಪಿಡಿ, ಉಚಿತ ಕಾನೂನು ನೆರವು ಎಲ್ಲಿ ಸಿಗುತ್ತದೆ ಅನ್ನುವ ಮಾಹಿತಿ, ಒಂದು ಅರ್ಜಿಯ ನಮೂನೆ.

ಇಲ್ಲಿ ಒಂದು ಗೆರೆ ಇದೆ. ಗ್ರಂಥಪಾಲಕರು ವಕೀಲರಲ್ಲ, ಡಾಕ್ಟರೂ ಅಲ್ಲ. ನೀವು ಕೇಸು ಹಾಕಿ, ಈ ಮಾತ್ರೆ ನುಂಗಿ ಅಂತ ಅವರು ಹೇಳಬಾರದು. ನಂಬಬಹುದಾದ ಮಾಹಿತಿ ಎಲ್ಲಿದೆ ಅಂತ ತೋರಿಸಬೇಕು, ಓದುವುದಕ್ಕೆ ಬಾರದವರಿಗೆ ಓದಿ ಹೇಳಬೇಕು, ಅಲ್ಲಿಗೆ ನಿಲ್ಲಬೇಕು. ಈ ಗೆರೆ ಕಾಯುವುದು ಸುಲಭವಲ್ಲ. ಎದುರಿಗೆ ಕೂತವರು ಅಳುತ್ತಿದ್ದರೆ ಇನ್ನೂ ಕಷ್ಟ. ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಲೈಬ್ರರಿ 2009ರಲ್ಲಿ ಒಬ್ಬ ಸಮಾಜ ಕಾರ್ಯಕರ್ತರನ್ನೇ ಕೆಲಸಕ್ಕೆ ಇಟ್ಟುಕೊಂಡಿತು. ಮನೆಯಿಲ್ಲದವರು ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲೇ ಇರುತ್ತಿದ್ದರು. ಓಡಿಸುವುದಕ್ಕೆ ಕಾವಲುಗಾರರನ್ನು ಜಾಸ್ತಿ ಮಾಡುವ ಬದಲು ಅವರ ಕಷ್ಟ ಗೊತ್ತಿರುವವರನ್ನು ತಂದರು. ಆಮೇಲೆ ಬೇರೆ ಊರುಗಳೂ ಇದೇ ದಾರಿ ಹಿಡಿದವು.

ಸರ್ಕಾರದ, ಬ್ಯಾಂಕಿನ, ಶಾಲೆಯ ಅರ್ಜಿಗಳೆಲ್ಲ ಆನ್‌ಲೈನ್ ಆದ ಮೇಲೆ ಈ ಕೌಂಟರಿನ ಕೆಲಸ ಇನ್ನೂ ಜಾಸ್ತಿಯಾಗಿದೆ. ಎಲ್ಲವೂ ಫೋನಿನಲ್ಲಿ ಸಿಗುವಾಗ ಲೈಬ್ರರಿ ಯಾಕೆ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೆ. ಕೆಲಸ ಕಳೆದುಕೊಂಡ ಮನುಷ್ಯನಿಗೆ ಅರ್ಜಿ ತುಂಬುವುದಕ್ಕೆ ದೊಡ್ಡ ಪರದೆ ಬೇಕು, ಪ್ರಿಂಟರ್ ಬೇಕು, ಪಾಸ್‌ವರ್ಡ್ ಮರೆತಾಗ ಬಯ್ಯದೆ ಹೇಳಿಕೊಡುವ ಒಬ್ಬರು ಬೇಕು. ಫೋನಿನಲ್ಲಿ ಇರುವುದು ಅರ್ಜಿ ಮಾತ್ರ.

ಇದಕ್ಕೆ ಅಂಟಿಕೊಂಡಂತೆ ಇನ್ನೊಂದು ವಿಷಯ ಇದೆ. ಗೋಡೆಯ ಹಾಳೆಯಲ್ಲಿ ಸಾಮಾನ್ಯವಾಗಿ ಬರೆಯದ ನಿಯಮ ಅದು. ನೀವು ಏನು ಓದುತ್ತೀರಿ ಅನ್ನುವುದನ್ನು ಲೈಬ್ರರಿ ಯಾರಿಗೂ ಹೇಳಬಾರದು. ಬಡಾವಣೆಯ ಲೈಬ್ರರಿಯಲ್ಲಿ ಇದು ಬಹಳ ಮುಖ್ಯ, ಯಾಕೆಂದರೆ ಅಲ್ಲಿ ಎಲ್ಲರಿಗೂ ಎಲ್ಲರ ಗುರುತಿರುತ್ತದೆ. ವಿಚ್ಛೇದನದ ಬಗ್ಗೆ, ಮಾನಸಿಕ ಕಾಯಿಲೆಯ ಬಗ್ಗೆ, ಕುಡಿತ ಬಿಡುವ ಬಗ್ಗೆ ಪುಸ್ತಕ ಒಯ್ದವರ ಹೆಸರು ಉದ್ದನೆಯ ರಿಜಿಸ್ಟರಿನಲ್ಲಿ ಮುಂದಿನ ಸಾಲಿನವರ ಕಣ್ಣಿಗೆ ಬೀಳುವ ಹಾಗಿದ್ದರೆ ಅಂಥ ಪುಸ್ತಕ ಕಪಾಟಿನಲ್ಲೇ ಕೊಳೆಯುತ್ತದೆ. ಅಮೆರಿಕದ ಗ್ರಂಥಪಾಲಕರು 1930ರ ದಶಕದ ಕೊನೆಯಲ್ಲೇ ಓದುಗರ ಗುಟ್ಟು ಕಾಪಾಡುವುದನ್ನು ತಮ್ಮ ನೀತಿಸಂಹಿತೆಯಲ್ಲಿ ಬರೆದುಕೊಂಡಿದ್ದಾರೆ. 2005ರಲ್ಲಿ ಕನೆಕ್ಟಿಕಟ್ ರಾಜ್ಯದ ನಾಲ್ವರು ಗ್ರಂಥಪಾಲಕರಿಗೆ ಅದರ ಪರೀಕ್ಷೆ ಆಯಿತು. ಕಂಪ್ಯೂಟರ್ ಬಳಸಿದವರ ವಿವರ ಕೊಡಿ, ಕೇಳಿದ್ದನ್ನು ಯಾರಿಗೂ ಹೇಳಬೇಡಿ ಅಂತ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಪತ್ರ ಕಳಿಸಿತು. ಅವರು ಕೊಡದೆ ಕೋರ್ಟಿಗೆ ಹೋದರು. 2006ರಲ್ಲಿ ಎಫ್‌ಬಿಐ ಹಿಂದೆ ಸರಿಯಿತು. ಈಗ ಒಳ್ಳೆಯ ಸಾಫ್ಟ್‌ವೇರ್ ಇರುವ ಕಡೆ ಪುಸ್ತಕ ವಾಪಸ್ ಕೊಟ್ಟ ಮೇಲೆ ಯಾರು ಒಯ್ದಿದ್ದರು ಅನ್ನುವ ದಾಖಲೆಯನ್ನೇ ಅಳಿಸುವ ಹಾಗೆ ಇಟ್ಟುಕೊಳ್ಳಬಹುದು. ನಿಮ್ಮ ಲೈಬ್ರರಿಯಲ್ಲಿ ಹೇಗಿದೆ, ಒಮ್ಮೆ ಕೇಳಿ ನೋಡಿ. ಕೇಳಿದರೆ ಸ್ವಲ್ಪ ವಿಚಿತ್ರವಾಗಿ ನೋಡಬಹುದು, ಪರವಾಗಿಲ್ಲ.

ಓದುಗರ ಮೇಲೆ ಕಣ್ಣಿಡುವ ಚಟ ಲೈಬ್ರರಿಗಳಿಗೆ ಹಳೆಯದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬ್ರಿಟನ್ನಿನ ಕೆಲವು ಲೈಬ್ರರಿಗಳಲ್ಲಿ ಬೆಳಗ್ಗೆ ಪತ್ರಿಕೆ ಬಂದ ಕೂಡಲೇ ಕುದುರೆ ರೇಸಿನ ಸುದ್ದಿಗೆ ಮಸಿ ಬಳಿಯುತ್ತಿದ್ದರು. ಜೂಜಾಡುವವರು ಬಂದು ಕೂರಬಾರದು ಅಂತ. ಬಡವರನ್ನು ಸುಧಾರಿಸುವ ಉಮೇದು ನೋಡಿ! ರೇಸಿಗೆ ಕುದುರೆ ಸಾಕುವ ಶ್ರೀಮಂತರ ಮನೆಯ ಪತ್ರಿಕೆಗೆ ಯಾರೂ ಮಸಿ ಹಚ್ಚಲಿಲ್ಲ.

ಕುರ್ಚಿಗಳ ವಿಷಯ. ತಮ್ಮ ಪುಸ್ತಕ ತಾವೇ ತಂದುಕೊಂಡು ಪರೀಕ್ಷೆಗೆ ಓದುವವರು ಎಲ್ಲ ಕುರ್ಚಿ ಹಿಡಿದಿದ್ದಾರೆ, ಲೈಬ್ರರಿಯ ಪುಸ್ತಕ ಮುಟ್ಟುವುದೇ ಇಲ್ಲ ಅಂತ ದೂರು ಇರುತ್ತದೆ. ನಾನು ಓದುವವರ ಪರ. ಒಂದೇ ಕೋಣೆಯಲ್ಲಿ ಐದಾರು ಜನ ಇರುವ ಮನೆಯ ಹುಡುಗಿಗೆ ಬೆಳಕು, ಫ್ಯಾನು, ಮೇಜು, ಸದ್ದಿಲ್ಲದ ನಾಲ್ಕು ಗಂಟೆ ಸಿಗುವ ಜಾಗ ಬೇರೆ ಯಾವುದಿದೆ? ಆ ಕುರ್ಚಿಯೂ ಲೈಬ್ರರಿ ಕೊಡುವ ಎರವಲೇ. ಆದರೆ ಕುರ್ಚಿಗಳೆಲ್ಲ ಅವರಿಗೇ ಹೋದರೆ ಪತ್ರಿಕೆ ಓದುವ ಅಜ್ಜ ಎಲ್ಲಿ ಕೂರಬೇಕು, ಚಿತ್ರದ ಪುಸ್ತಕ ನೋಡಿ ಜೋರಾಗಿ ನಗುವ ಮಗು ಎಲ್ಲಿ ಹೋಗಬೇಕು? ಇದಕ್ಕೆ ಚಂದದ ಉತ್ತರ ನನ್ನ ಹತ್ತಿರ ಇಲ್ಲ. ಜಾಗ ಇದ್ದರೆ ಸದ್ದಿನ ಕೋಣೆ, ಸದ್ದಿಲ್ಲದ ಕೋಣೆ ಬೇರೆ ಮಾಡಬಹುದು. ಜಾಗ ಇಲ್ಲದಿದ್ದರೆ ಹೊತ್ತು ಬೇರೆ ಮಾಡಬಹುದು, ಸಂಜೆ ಒಂದು ಗಂಟೆ ಮಕ್ಕಳ ಗಲಾಟೆಗೆ ಅಂತ. ಪೂರ್ತಿ ಮೌನ ಬೇಕು ಅನ್ನುವ ನಿಯಮ ಮಾತ್ರ ಮಕ್ಕಳನ್ನು ಹೊರಗೆ ಹಾಕುತ್ತದೆ.

ಕಷ್ಟಕಾಲದಲ್ಲಿ ಈ ಕುರ್ಚಿಗಳ ಬೆಲೆ ಗೊತ್ತಾಗುತ್ತದೆ. 2012ರಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕದ ಪೂರ್ವ ಕರಾವಳಿಗೆ ಬಡಿದು ಕರೆಂಟ್ ಹೋದಾಗ ಜನ ಫೋನ್ ಚಾರ್ಜ್ ಮಾಡಲು, ಬೆಚ್ಚಗೆ ಕೂರಲು, ಪರಿಹಾರದ ಅರ್ಜಿ ತುಂಬಲು ಲೈಬ್ರರಿಗಳಿಗೆ ಹೋದರು. 2014ರಲ್ಲಿ ಫರ್ಗುಸನ್ ಅನ್ನುವ ಊರಿನಲ್ಲಿ ಪೊಲೀಸರ ಗುಂಡಿಗೆ ಒಬ್ಬ ಯುವಕ ಸತ್ತು, ಊರು ಹೊತ್ತಿ ಉರಿದು, ಶಾಲೆಗಳು ಮುಚ್ಚಿದಾಗ ಅಲ್ಲಿನ ಪುಟ್ಟ ಲೈಬ್ರರಿ ಬಾಗಿಲು ತೆರೆದೇ ಇತ್ತು. ಮೇಷ್ಟ್ರುಗಳೂ ಸ್ವಯಂಸೇವಕರೂ ಅಲ್ಲೇ ಮಕ್ಕಳಿಗೆ ಪಾಠ ಮಾಡಿದರು. ಅಲ್ಲಿ ಪೂರ್ತಿ ಹೊತ್ತು ಕೆಲಸ ಮಾಡುವ ಗ್ರಂಥಪಾಲಕರು ಇದ್ದದ್ದು ಒಬ್ಬರೇ.

ಲೈಬ್ರರಿಗೆ ಬರಲಾಗದವರ ಬಳಿಗೆ ಲೈಬ್ರರಿಯೇ ಹೋದ ಕಥೆಗಳು ಬೇಕಾದಷ್ಟಿವೆ. 1931ರಲ್ಲಿ ಮದ್ರಾಸ್ ಪ್ರಾಂತ್ಯದ ಮನ್ನಾರ್‌ಗುಡಿ ಬಳಿ ಎತ್ತಿನ ಗಾಡಿಯಲ್ಲಿ ಹಳ್ಳಿಹಳ್ಳಿಗೆ ಪುಸ್ತಕ ಹೋಯಿತು. 1935ರಿಂದ ಅಮೆರಿಕದ ಕೆಂಟಕಿಯ ಬೆಟ್ಟಗಳಲ್ಲಿ ಹೆಂಗಸರು ಕುದುರೆ ಏರಿ ಮನೆಮನೆಗೆ ಪುಸ್ತಕ ಹಂಚಿದರು. ಕಣ್ಣು ಕಾಣದವರ ದೂರ ಬೇರೆ ಥರದ್ದು. ಪುಸ್ತಕವನ್ನು ಬ್ರೈಲ್ ಅಥವಾ ಧ್ವನಿ ರೂಪಕ್ಕೆ ತರಲು ಹಕ್ಕುಸ್ವಾಮ್ಯದ ಅಡ್ಡಿ ಇತ್ತು. ಅದನ್ನು ಸಡಿಲಿಸುವ ಮರಾಕೆಶ್ ಒಪ್ಪಂದ 2013ರಲ್ಲಿ ಆಯಿತು. ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ.

ಕೊನೆಗೆ ದುಡ್ಡು. ಲೈಬ್ರರಿಯ ಸೇವೆಯನ್ನು ಅಳೆಯುವುದು ಹೇಗೆ ಅಂತ ಆಡಳಿತದವರು ಕೇಳುತ್ತಾರೆ. ಎಷ್ಟು ಪುಸ್ತಕ ಎರವಲು ಹೋಯಿತು, ಎಷ್ಟು ಜನ ಸದಸ್ಯರು, ಇಷ್ಟೇ ಲೆಕ್ಕ. ಬಾಡಿಗೆ ಮುಂಗಡ ವಾಪಸ್ ಪಡೆದ ಹೆಂಗಸು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. ನಾಲ್ಕು ಗಂಟೆ ಕುರ್ಚಿ ಹಿಡಿದಿದ್ದ ಹುಡುಗಿಯೂ ಇಲ್ಲ. ಹಾಗಾಗಿ ಲೆಕ್ಕ ಕಡಿಮೆಯಾದಾಗ ಸಮಯ ಕಡಿತ ಮಾಡುತ್ತಾರೆ, ಸಮಯ ಕಡಿತವಾದ್ದರಿಂದ ಲೆಕ್ಕ ಇನ್ನೂ ಕಡಿಮೆಯಾಗುತ್ತದೆ. ಕಾರ್ನೆಗಿ ಈ ವಿಷಯದಲ್ಲಿ ಜಾಣರು. ಕಟ್ಟಡಕ್ಕೆ ಅವರು ದುಡ್ಡು ಕೊಡುತ್ತಿದ್ದರು, ಆದರೆ ಜಾಗ ಊರಿನವರೇ ಕೊಡಬೇಕು, ಕಟ್ಟಡಕ್ಕೆ ಕೊಟ್ಟ ಹಣದ ಹತ್ತನೇ ಒಂದು ಪಾಲನ್ನು ಪ್ರತಿ ವರ್ಷ ನಡೆಸುವ ಖರ್ಚಿಗೆ ತೆಗೆದಿಡುತ್ತೇವೆ ಅಂತ ಮೊದಲೇ ಒಪ್ಪಬೇಕು. ಈ ಷರತ್ತು ಬೇಡ ಅಂತ ಕಟ್ಟಡವನ್ನೇ ಬಿಟ್ಟ ಊರುಗಳೂ ಇದ್ದವು.

ಈಗಿನ ಹೊಸ ತಲೆನೋವು ಇ-ಪುಸ್ತಕ. ಕಾಗದದ ಪುಸ್ತಕ ಕೊಂಡರೆ ಅದು ಲೈಬ್ರರಿಯದ್ದು, ಹರಿಯುವವರೆಗೆ ಎಷ್ಟು ಜನಕ್ಕೆ ಬೇಕಾದರೂ ಕೊಡಬಹುದು. ಇ-ಪುಸ್ತಕದಲ್ಲಿ ಲೈಬ್ರರಿಗೆ ಸಾಮಾನ್ಯವಾಗಿ ಸಿಗುವುದು ಪರವಾನಗಿ ಮಾತ್ರ. 2011ರಲ್ಲಿ ಒಂದು ದೊಡ್ಡ ಪ್ರಕಾಶನ ಸಂಸ್ಥೆ ಹೊಸ ಷರತ್ತು ಹಾಕಿತು, ಒಂದು ಪ್ರತಿಯನ್ನು 26 ಸಲ ಎರವಲು ಕೊಟ್ಟ ಮೇಲೆ ಮತ್ತೆ ದುಡ್ಡು ಕಟ್ಟಬೇಕು ಅಂತ. ಬೇರೆ ಕೆಲವರು ಎರಡು ವರ್ಷಕ್ಕೆ ಗಡುವು ಇಟ್ಟರು. 26 ಸಲದ ಷರತ್ತು ಅಂದರೆ ಜನ ಜಾಸ್ತಿ ಓದಿದಷ್ಟೂ ಆ ಪುಸ್ತಕ ಬೇಗ ಮಾಯ. ಇದು ಗೋಡೆಗೆ ಅಂಟಿಸುವ ನಿಯಮವಲ್ಲ, ಸದಸ್ಯರಿಗೆ ಕಾಣುವುದೂ ಇಲ್ಲ. ಅವರಿಗೆ ಕಾಣುವುದು ಇಷ್ಟೇ: ಹೋದ ತಿಂಗಳು ಪಟ್ಟಿಯಲ್ಲಿದ್ದ ಪುಸ್ತಕ ಈಗ ಇಲ್ಲ. ಬಂದು ಕೌಂಟರಿನಲ್ಲಿ ಜಗಳ ಮಾಡುತ್ತಾರೆ. ಜಗಳ ಮಾಡಬೇಕಾದ್ದು ನಿಜ. ಆದರೆ ಕೌಂಟರಿನಲ್ಲಿ ಕೂತವರ ಜೊತೆ ಅಲ್ಲ, ಅವರಿಗೆ ಪುಸ್ತಕದ ಹಣ ಮಂಜೂರು ಮಾಡುವವರ ಜೊತೆ, ಇಂಥ ಷರತ್ತು ಬರೆಯುವವರ ಜೊತೆ. ಪತ್ರ ಬರೆಯಿರಿ. ಒಬ್ಬ ತಂತಿ ಹುಡುಗನ ಪತ್ರಕ್ಕೆ ಹಿಂದೆ ಬೆಲೆ ಸಿಕ್ಕಿದೆ.